ಗುಂಪು ಪ್ರಾಜೆಕ್ಟು, ಗುಂಪು ಜಗಳ: ಒಂದು ಚಿಕ್ಕ ಇತಿಹಾಸ

ಸ್ಮರಣ ಸಂಚಿಕೆಗೆ ಇತಿಹಾಸದ ಒಂದು ಲೇಖನ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಫೋನು ಮಾಡಿದಾಗ ನನಗೆ ಆಶ್ಚರ್ಯವಾಯಿತು. ನಾನು ಓದಿದ್ದು ಬಿ.ಇ., ಮಾಡುತ್ತಿರುವುದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಊರಿನ ಶಾಸನ, ದೇವಸ್ಥಾನ, ಕೆರೆಗಳ ಬಗ್ಗೆ ಬರೆಯಲು ನನಗಿಂತ ಬಲ್ಲವರು ಈ ಸಂಚಿಕೆಯಲ್ಲೇ ಇದ್ದಾರೆ. ಅದನ್ನೇ ಹೇಳಿ ನುಣುಚಿಕೊಳ್ಳಬೇಕೆಂದಿದ್ದೆ. ಅಷ್ಟರಲ್ಲಿ ಈಗಿನ ಸಮಾಜ ವಿಜ್ಞಾನ ಮೇಡಂ ಫೋನು ತೆಗೆದುಕೊಂಡು, "ಗುಂಪಿಗೆ ಪ್ರಾಜೆಕ್ಟ್ ಕೊಟ್ಟರೆ ಮಕ್ಕಳು ಕಲಿಯುವುದಕ್ಕಿಂತ ಜಗಳ ಆಡುವುದೇ ಹೆಚ್ಚು. ನೀವು ಕಂಪನಿಯಲ್ಲಿ ಗುಂಪಿನಲ್ಲೇ ಕೆಲಸ ಮಾಡುವವರಲ್ಲವೇ, ಅದರ ಬಗ್ಗೆಯೇ ಏನಾದರೂ ಬರೆಯಿರಿ" ಎಂದರು. ಈ ಜಗಳಕ್ಕೂ ನೂರಿಪ್ಪತ್ತೈದು ವರ್ಷಗಳ ಇತಿಹಾಸವಿದೆ ಎನ್ನುವುದು ನಾನು ಹುಡುಕಿ ಓದತೊಡಗಿದ ಮೇಲೆ ತಿಳಿಯಿತು. ಆದ್ದರಿಂದ ಇದು ಇತಿಹಾಸದ ಲೇಖನವೇ.

ಮೊದಲು ಜಗಳದ ವಿಷಯ. ನಮ್ಮ ಕಾಲದಲ್ಲಿ ಆಗೀಗ ಒಂದು ವಿಜ್ಞಾನ ಮಾದರಿ, ಒಂದು ಗೋಡೆ ಪತ್ರಿಕೆ ಇರುತ್ತಿತ್ತು. ಈಗ ಪ್ರತಿ ಎಫ್‌ಎ ಪರೀಕ್ಷೆಯ ಜೊತೆಗೂ ಚಟುವಟಿಕೆ, ಪ್ರಾಜೆಕ್ಟು. ಐದಾರು ಮಕ್ಕಳ ಗುಂಪು ಮಾಡುತ್ತಾರೆ. ಮಾರನೆಯ ದಿನದಿಂದಲೇ ಸ್ಟಾಫ್ ರೂಮಿನ ಬಾಗಿಲಲ್ಲಿ ದೂರು ಶುರು. ಅವನು ಏನೂ ಮಾಡಲಿಲ್ಲ ಸಾರ್. ಚಾರ್ಟು ನಾನು ತಂದೆ, ಹೆಸರು ಮಾತ್ರ ಅವಳದು ಮೊದಲು ಬರೆದಿದ್ದಾರೆ ಮಿಸ್. ನನ್ನ ಅಕ್ಷರ ಚೆನ್ನಾಗಿಲ್ಲವೆಂದು ನನಗೆ ಬರೆಯಲು ಬಿಡುವುದಿಲ್ಲ. ಹಾಸ್ಟೆಲಿನ ಹುಡುಗರು ಭಾನುವಾರ ಬರುವಂತಿಲ್ಲ, ಹೆಣ್ಣುಮಕ್ಕಳನ್ನು ಇನ್ನೊಬ್ಬರ ಮನೆಗೆ ಕಳಿಸುವುದಿಲ್ಲ, ಹಾಗಾಗಿ ಊರೊಳಗಿನ ಇಬ್ಬರು ಕೂತು ಮುಗಿಸಿ ಉಳಿದವರ ಮೇಲೆ ಸಿಟ್ಟು ಇಟ್ಟುಕೊಳ್ಳುತ್ತಾರೆ. ಕೊನೆಗೆ ಬೇಸತ್ತ ಗುಂಪು ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ರೆಡಿ ಪ್ರಾಜೆಕ್ಟು ಕೊಂಡು ತರುತ್ತದೆ. ಅಲ್ಲಿಗೆ ಜಗಳವೂ ಮುಗಿಯಿತು, ಕಲಿಕೆಯೂ ಮುಗಿಯಿತು.

ಇದಕ್ಕೆ ಶಿಕ್ಷಕರು ಸಾಮಾನ್ಯವಾಗಿ ಮಾಡುವುದು ಮೂರರಲ್ಲಿ ಒಂದು: ಬೈಯುವುದು, ಗುಂಪು ಒಡೆಯುವುದು, ಇಲ್ಲವೇ ಚೆನ್ನಾಗಿ ಓದುವ ಒಬ್ಬರನ್ನು ಲೀಡರ್ ಮಾಡಿ ಅವರು ಹೇಳಿದಂತೆ ಕೇಳಿ ಎನ್ನುವುದು. ಅರವತ್ತು ಮಕ್ಕಳ ತರಗತಿಯಲ್ಲಿ ಇದಕ್ಕಿಂತ ಹೆಚ್ಚು ಮಾಡಲು ಸಮಯವೆಲ್ಲಿದೆ, ಅದು ನನಗೂ ಗೊತ್ತು. ಆದರೆ ಈ ಮೂರೂ ಜಗಳವನ್ನು ಅಡಗಿಸುತ್ತವೆಯೇ ಹೊರತು ಬಿಡಿಸುವುದಿಲ್ಲ.

ಶಾಲೆಯಲ್ಲಿ ಮಕ್ಕಳು ಸೇರಿ ಒಂದು ಕೆಲಸ ಮಾಡಬೇಕು ಎಂಬ ಯೋಚನೆಯ ಬೇರು ಹುಡುಕಿದರೆ ಜಾನ್ ಡ್ಯೂಯಿ ಸಿಗುತ್ತಾರೆ. 1896ರ ಜನವರಿಯಲ್ಲಿ ಅವರು ಶಿಕಾಗೊ ವಿಶ್ವವಿದ್ಯಾಲಯಕ್ಕೆ ಸೇರಿದಂತೆ ಒಂದು ಪುಟ್ಟ ಪ್ರಯೋಗ ಶಾಲೆ ತೆರೆದರು. ಅಲ್ಲಿ ಮಕ್ಕಳು ಅಡುಗೆ, ಮರಗೆಲಸ, ನೇಯ್ಗೆಗಳ ಮೂಲಕವೇ ಗಣಿತ, ಇತಿಹಾಸ ಕಲಿಯುತ್ತಿದ್ದರು. ಆ ಶಾಲೆಯ ದೊಡ್ಡ ಮಕ್ಕಳು ತಮ್ಮ ತಮ್ಮ ಸಂಘಗಳನ್ನು ಕಟ್ಟಿಕೊಂಡಿದ್ದರು. ಬರಬರುತ್ತಾ ಅವು 'ನಮ್ಮವರು, ನಿಮ್ಮವರು' ಎನ್ನುವ ಗುಂಪುಗಾರಿಕೆಗೆ ತಿರುಗಿದವು. ಸಂಘಗಳಿಗೆ ಕೂರಲು ಜಾಗವಿರಲಿಲ್ಲ. ಮಕ್ಕಳೇ ಒಂದು ಪುಟ್ಟ ಮನೆ ಕಟ್ಟುವುದೆಂದು ಹೊರಟರು. ಒಂದು ಸಂಘದಿಂದ ಆಗುವ ಕೆಲಸ ಅದಲ್ಲ ಎಂದು ಗೊತ್ತಾದಾಗ ಉಳಿದವರನ್ನು ಕರೆಯಲೇಬೇಕಾಯಿತು. ಕಟ್ಟುತ್ತಾ ಕಟ್ಟುತ್ತಾ ಆ ಗುಂಪುಗಾರಿಕೆ ಸಡಿಲವಾಯಿತು ಎಂದು ಅಲ್ಲಿ ಪಾಠ ಮಾಡಿದ್ದ ಇಬ್ಬರು ಸಹೋದರಿಯರು 1936ರಲ್ಲಿ ಬರೆದ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಮಕ್ಕಳಿಗೆ ಯಾರೂ ಒಗ್ಗಟ್ಟಿನ ಉಪದೇಶ ಮಾಡಿ ಅದನ್ನು ಬಿಡಿಸಿದ್ದಲ್ಲ. ಕೆಲಸವೇ ಅಂಥದ್ದಾಗಿತ್ತು.

ಡ್ಯೂಯಿ ನಂತರ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. 1913ರಿಂದ 1916ರವರೆಗೆ ಅಲ್ಲಿ ಓದಿದ ನಮ್ಮ ಅಂಬೇಡ್ಕರ್ ಅವರು ಡ್ಯೂಯಿಯವರ ತರಗತಿಯಲ್ಲಿ ಕೂತವರು. ಅದೇ ಕೊಲಂಬಿಯಾದ ಶಿಕ್ಷಕರ ಕಾಲೇಜಿನ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲಿ 'ಪ್ರಾಜೆಕ್ಟ್ ಮೆಥಡ್' ಎಂಬ ಪ್ರಬಂಧ ಬರೆದರು. ಬಿ.ಎಡ್. ಓದಿದ ಎಲ್ಲ ಶಿಕ್ಷಕರಿಗೂ ಈ ಹೆಸರು ಗೊತ್ತು. ನಮ್ಮಲ್ಲಿ 1937ರ ಅಕ್ಟೋಬರಿನ ವಾರ್ಧಾ ಸಮ್ಮೇಳನ, ಜಾಕಿರ್ ಹುಸೇನ್ ಸಮಿತಿ, ಗಾಂಧೀಜಿಯವರ ಮೂಲ ಶಿಕ್ಷಣ ಬಂದವು. ಕೆಲಸದ ಮೂಲಕ ಕಲಿಕೆ ಎನ್ನುವುದು ಹೀಗೆ ಎರಡು ಕಡೆಯಿಂದ ನಮ್ಮ ಪಠ್ಯಕ್ರಮದೊಳಗೆ ಬಂದಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಅದಕ್ಕೆ ಇನ್ನಷ್ಟು ಒತ್ತು ಕೊಟ್ಟಿತು. ಆದರೆ ಕೆಲಸ ಮಾಡುವಾಗ ಮಕ್ಕಳ ನಡುವೆ ಬರುವ ಭಿನ್ನಾಭಿಪ್ರಾಯವನ್ನು ಏನು ಮಾಡಬೇಕು ಎನ್ನುವುದು ಈ ಸಾಲಿನ ಹಿರಿಯರಿಗೆ ಮುಖ್ಯ ಪ್ರಶ್ನೆಯಾಗಿರಲಿಲ್ಲ. ಅದನ್ನು ನೇರವಾಗಿ ಕೈಗೆತ್ತಿಕೊಂಡವರು ಮನೋವಿಜ್ಞಾನಿಗಳು.

1954ರ ಬೇಸಿಗೆಯಲ್ಲಿ, ಟರ್ಕಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಮುಜಫರ್ ಷರೀಫ್ ಎಂಬ ಮನೋವಿಜ್ಞಾನಿ ಹನ್ನೊಂದು ವರ್ಷದ ಆಸುಪಾಸಿನ 22 ಹುಡುಗರನ್ನು ಒಕ್ಲಹೋಮಾ ರಾಜ್ಯದ ರಾಬರ್ಸ್ ಕೇವ್ ಎಂಬ ಕಾಡಿನ ಶಿಬಿರಕ್ಕೆ ಕರೆದೊಯ್ದರು. ಒಬ್ಬರಿಗೊಬ್ಬರ ಪರಿಚಯವಿರದ ಹುಡುಗರು. ಅವರನ್ನು ಎರಡು ಗುಂಪು ಮಾಡಿ ದೂರ ದೂರ ಇಟ್ಟರು. ಒಂದು ಗುಂಪು ರ‍್ಯಾಟ್ಲರ್ಸ್ ಎಂದು, ಇನ್ನೊಂದು ಈಗಲ್ಸ್ ಎಂದು ತಾವೇ ಹೆಸರಿಟ್ಟುಕೊಂಡವು. ಆಮೇಲೆ ಹಗ್ಗಜಗ್ಗಾಟ, ಬೇಸ್‌ಬಾಲ್ ಪಂದ್ಯ, ಗೆದ್ದವರಿಗೆ ಬಹುಮಾನ. ಕೆಲವೇ ದಿನಗಳಲ್ಲಿ ಬಾವುಟ ಸುಡುವುದು, ಒಬ್ಬರ ಕೋಣೆಗೆ ಇನ್ನೊಬ್ಬರು ನುಗ್ಗುವುದು ಶುರುವಾಯಿತು. ಎರಡೂ ಗುಂಪನ್ನು ಒಟ್ಟಿಗೆ ಊಟಕ್ಕೆ ಕೂರಿಸಿ ನೋಡಿದರು. ಊಟದ ಪದಾರ್ಥವನ್ನೇ ಒಬ್ಬರ ಮೇಲೊಬ್ಬರು ಎಸೆದರು! ಒಟ್ಟಿಗೆ ಸಿನಿಮಾ ತೋರಿಸಿದರು. ಪ್ರಯೋಜನವಿಲ್ಲ. ನಮ್ಮ ಗುಂಪು ಪ್ರಾಜೆಕ್ಟುಗಳಲ್ಲೂ ನಾವು ಮಾಡುವುದು ಇಷ್ಟೇ ಎಂದು ನನಗೆ ಅನ್ನಿಸುತ್ತದೆ: ಒಂದು ಬೆಂಚಿನಲ್ಲಿ ಕೂರಿಸಿದರೆ ಒಂದಾದರು ಎಂದುಕೊಳ್ಳುವುದು.

ಆಮೇಲೆ ಷರೀಫ್ ಮಾಡಿದ್ದು ಬೇರೆ. ಶಿಬಿರದ ನೀರಿನ ವ್ಯವಸ್ಥೆ ಕೆಟ್ಟಿತು (ಅವರೇ ಕೆಡಿಸಿದ್ದರು). ಎಲ್ಲಿ ಕೆಟ್ಟಿದೆ ಎಂದು ಎರಡೂ ಗುಂಪು ಸೇರಿ ಹುಡುಕಬೇಕಾಯಿತು. ಊಟ ತರಬೇಕಿದ್ದ ಲಾರಿ ನಿಂತುಹೋಯಿತು. ಹಗ್ಗಜಗ್ಗಾಟದ ಅದೇ ಹಗ್ಗ ಕಟ್ಟಿ ಎಲ್ಲರೂ ಸೇರಿ ಎಳೆದರು. ಕೊನೆಯ ದಿನ ಒಂದೇ ಬಸ್ಸಿನಲ್ಲಿ ಹೋಗೋಣ ಎಂದು ಹುಡುಗರೇ ಕೇಳಿದರು. ದಾರಿಯಲ್ಲಿ ಒಂದು ಗುಂಪು ತಾನು ಗೆದ್ದಿದ್ದ ಐದು ಡಾಲರಿನಲ್ಲಿ ಎಲ್ಲರಿಗೂ ಕುಡಿಯಲು ಕೊಡಿಸಿತು.

ಈ ಪ್ರಯೋಗವನ್ನು ಕಣ್ಣುಮುಚ್ಚಿ ಹೊಗಳಬಾರದು. ಮಕ್ಕಳಿಗೆ ತಿಳಿಸದೆ ಅವರನ್ನು ಕಾದಾಡಲು ಬಿಟ್ಟಿದ್ದು ಇವತ್ತು ಯಾವ ಶಾಲೆಯಲ್ಲೂ ಒಪ್ಪುವ ಮಾತಲ್ಲ. ಇನ್ನೊಂದು ವಿಷಯವೂ ಇದೆ. ಇದಕ್ಕೂ ಮೊದಲು, 1953ರಲ್ಲಿ, ಷರೀಫ್ ನ್ಯೂಯಾರ್ಕ್ ರಾಜ್ಯದಲ್ಲಿ ಇಂಥದ್ದೇ ಒಂದು ಶಿಬಿರ ನಡೆಸಿದ್ದರು. ಅಲ್ಲಿ ಹುಡುಗರು ಗುಂಪಾಗುವ ಮೊದಲೇ ಕೆಲವು ದಿನ ಒಟ್ಟಿಗೆ ಇದ್ದು ಸ್ನೇಹಿತರಾಗಿಬಿಟ್ಟಿದ್ದರು. ಎಷ್ಟು ಕೆಣಕಿದರೂ ಅವರು ಕಾದಾಡಲಿಲ್ಲ, ಬದಲಿಗೆ ದೊಡ್ಡವರ ಮೇಲೆಯೇ ಅನುಮಾನಪಟ್ಟರು. ಆ ಪ್ರಯೋಗವನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು. ಜೀನಾ ಪೆರ‍್ರಿ ಎಂಬ ಲೇಖಕಿ 2018ರಲ್ಲಿ ಇದನ್ನೆಲ್ಲ ಬಿಡಿಸಿ ಬರೆದಿದ್ದಾರೆ. ಗೆದ್ದ ಪ್ರಯೋಗಕ್ಕಿಂತ ಸೋತ ಪ್ರಯೋಗವೇ ನನಗೆ ಹೆಚ್ಚು ಹಿಡಿಸಿತು.

ಈಗ ಒಂದು ನಿಜವಾದ ತರಗತಿಗೆ ಬರೋಣ. ಅಮೆರಿಕದಲ್ಲಿ ಬಿಳಿಯ ಮಕ್ಕಳಿಗೂ ಕಪ್ಪು ಮಕ್ಕಳಿಗೂ ಬೇರೆ ಬೇರೆ ಶಾಲೆ ಇರಬಾರದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿದ್ದೂ 1954ರಲ್ಲೇ. ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ಅದು ಪೂರ್ತಿ ಜಾರಿಗೆ ಬರುವ ಹೊತ್ತಿಗೆ 1971 ಆಗಿತ್ತು. ಬಿಳಿಯ, ಕಪ್ಪು, ಮೆಕ್ಸಿಕೊ ಮೂಲದ ಮಕ್ಕಳು ಮೊದಲ ಸಲ ಒಂದೇ ಕೊಠಡಿಯಲ್ಲಿ ಕೂತರು. ಕೆಲವೇ ವಾರಗಳಲ್ಲಿ ಹೊಡೆದಾಟ. ಶಾಲಾ ಆಡಳಿತದವರು ಅಲ್ಲಿನ ವಿಶ್ವವಿದ್ಯಾಲಯದ ಎಲಿಯಟ್ ಆರನ್‌ಸನ್ ಅವರನ್ನು ಕರೆದರು. ಅವರು ಮೊದಲು ಮಾಡಿದ್ದು ತಮ್ಮ ವಿದ್ಯಾರ್ಥಿಗಳೊಂದಿಗೆ ತರಗತಿಯ ಹಿಂದೆ ಸುಮ್ಮನೆ ಕೂತು ನೋಡಿದ್ದು. ಕಂಡದ್ದು ನಮಗೆಲ್ಲ ಗೊತ್ತಿರುವ ದೃಶ್ಯವೇ. ಶಿಕ್ಷಕಿ ಪ್ರಶ್ನೆ ಕೇಳುತ್ತಾರೆ, ಆರೆಂಟು ಕೈ ಮೇಲೇಳುತ್ತವೆ, ಉಳಿದವರು ತಲೆ ತಗ್ಗಿಸುತ್ತಾರೆ. ಒಬ್ಬನು ಸರಿ ಉತ್ತರ ಕೊಟ್ಟರೆ ಉಳಿದ ಕೈಗಳಿಗೆ ನಿರಾಸೆ, ತಪ್ಪು ಕೊಟ್ಟರೆ ಖುಷಿ. ಜಗಳ ಮೈದಾನದಲ್ಲಿ ಹುಟ್ಟುವುದಲ್ಲ, ಪಾಠ ನಡೆಯುವ ರೀತಿಯಲ್ಲೇ ಅದರ ಬೀಜವಿದೆ ಎಂದು ಅವರಿಗೆ ಅನ್ನಿಸಿತು.

ಅವರು ಮಾಡಿದ ಬದಲಾವಣೆ ಇಷ್ಟು. ಐದನೆಯ ತರಗತಿಯ ಮಕ್ಕಳನ್ನು ಆರಾರು ಜನರ ಗುಂಪು ಮಾಡಿದರು. ಪತ್ರಿಕಾ ಸಂಪಾದಕ ಜೋಸೆಫ್ ಪುಲಿಟ್ಜರ್ ಅವರ ಜೀವನ ಚರಿತ್ರೆಯನ್ನು ಆರು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರು. ಬಾಲ್ಯದ ಭಾಗ ಒಬ್ಬಳಿಗೆ ಮಾತ್ರ ಗೊತ್ತು, ಪತ್ರಿಕೆಯ ಭಾಗ ಇನ್ನೊಬ್ಬನಿಗೆ ಮಾತ್ರ. ಒಂದೇ ತುಂಡು ಸಿಕ್ಕಿದ ಬೇರೆ ಬೇರೆ ಗುಂಪಿನ ಮಕ್ಕಳು ಮೊದಲು ಒಂದೆಡೆ ಸೇರಿ ಅದನ್ನು ಚೆನ್ನಾಗಿ ಅರಿತುಕೊಳ್ಳುವುದು. ಆಮೇಲೆ ತಮ್ಮ ತಮ್ಮ ಗುಂಪಿಗೆ ಹಿಂದಿರುಗಿ ಉಳಿದವರಿಗೆ ಹೇಳಿಕೊಡುವುದು. ಕೊನೆಯಲ್ಲಿ ಪರೀಕ್ಷೆ ಮಾತ್ರ ಒಬ್ಬೊಬ್ಬರಿಗೂ ಪ್ರತ್ಯೇಕ, ಆರೂ ಭಾಗದ ಮೇಲೆ. ಚಿತ್ರದ ತುಂಡುಗಳನ್ನು ಜೋಡಿಸುವ ಆಟದ ಹೆಸರನ್ನೇ ಇದಕ್ಕೆ ಇಟ್ಟರು: ಜಿಗ್‌ಸಾ ತರಗತಿ.

ಅಲ್ಲಿನ ಒಬ್ಬ ಹುಡುಗನ ಕಥೆಯನ್ನು ಆರನ್‌ಸನ್ ಮುಂದೆ ಎಲ್ಲೆಡೆ ಹೇಳುತ್ತಿದ್ದರು. ಕಾರ್ಲೋಸ್ ಎಂದು ಅವರು ಕರೆಯುವ ಆ ಹುಡುಗನ ಮನೆಮಾತು ಸ್ಪ್ಯಾನಿಷ್. ಇಂಗ್ಲಿಷ್ ತಡವರಿಸುತ್ತಿದ್ದ. ಮಕ್ಕಳು ನಗುತ್ತಾರೆಂದು ಅವನು ಬಾಯಿ ಬಿಡುತ್ತಿರಲಿಲ್ಲ, ಅವನಿಗೆ ಅವಮಾನವಾಗಬಾರದೆಂಬ ಕರುಣೆಯಿಂದ ಶಿಕ್ಷಕಿಯೂ ಅವನನ್ನು ಕೇಳುವುದನ್ನು ಬಿಟ್ಟಿದ್ದರು. ಈಗ ಅವನು ತನ್ನ ಭಾಗ ಹೇಳಲೇಬೇಕು. ತಡವರಿಸಿದ, ಗುಂಪಿನವರು ಗೇಲಿ ಮಾಡಿದರು. ಪಕ್ಕದಲ್ಲಿದ್ದ ಸಹಾಯಕಿ ಬೈಯಲಿಲ್ಲ. ಗೇಲಿ ಮಾಡುವುದು ನಿಮಗೆ ಬಿಟ್ಟದ್ದು, ಆದರೆ ಅವನ ಭಾಗ ಅವನಿಂದಲ್ಲದೆ ಬೇರೆಲ್ಲೂ ಸಿಗುವುದಿಲ್ಲ, ಪರೀಕ್ಷೆ ಸ್ವಲ್ಪ ಹೊತ್ತಿನಲ್ಲೇ ಇದೆ ಎಂಬ ಅರ್ಥದ ಮಾತು ಹೇಳಿ ಮುಂದಕ್ಕೆ ಹೋದರು. ಕೆಲವು ದಿನಗಳಲ್ಲಿ ಆ ಮಕ್ಕಳು ಗೇಲಿ ಬಿಟ್ಟು ಅವನ ಬಾಯಿಂದ ವಿಷಯ ಹೊರಬರುವಂಥ ಪ್ರಶ್ನೆಗಳನ್ನು ಕೇಳುವುದನ್ನು ಕಲಿತರು. ಕೇಳಿದಂತೆಲ್ಲ ಅವನು ಹೇಳಿದ. ಅವನು ತಾವು ತಿಳಿದಷ್ಟು ದಡ್ಡನಲ್ಲ ಎಂದು ಅವರಿಗೂ ಗೊತ್ತಾಯಿತು. ಕೆಲವು ವಾರಗಳ ನಂತರ ಅಳೆದು ನೋಡಿದಾಗ ಜಿಗ್‌ಸಾ ತರಗತಿಗಳಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಹೆಚ್ಚು ಇಷ್ಟಪಡುತ್ತಿದ್ದರು, ಶಾಲೆ ತಪ್ಪಿಸುವುದು ಕಡಿಮೆಯಾಗಿತ್ತು. ಕಪ್ಪು ಮತ್ತು ಮೆಕ್ಸಿಕೊ ಮೂಲದ ಮಕ್ಕಳ ಅಂಕ ಏರಿತ್ತು, ಬಿಳಿಯ ಮಕ್ಕಳ ಅಂಕ ಇಳಿದಿರಲಿಲ್ಲ.

ಸ್ಟಾಫ್ ರೂಮಿಗೆ ಬರುವ ದೂರುಗಳನ್ನು ಇದರ ಪಕ್ಕ ಇಟ್ಟು ನೋಡಿ. 'ಅವನು ಏನೂ ಮಾಡಲಿಲ್ಲ' ಎಂಬ ದೂರು ಬರುವುದು ಅವನಿಲ್ಲದೆಯೂ ಕೆಲಸ ಮುಗಿಯುವಂತಿದ್ದಾಗ. ನಮ್ಮಲ್ಲಿ ಹಂಚುವುದು ಕೆಲಸವನ್ನು: ಒಬ್ಬ ಚಾರ್ಟು ತರುವುದು, ಒಬ್ಬಳು ಬರೆಯುವುದು, ಒಬ್ಬ ಬಣ್ಣ ಹಚ್ಚುವುದು. ಹಂಚಬೇಕಾದದ್ದು ವಿಷಯವನ್ನು. ಹತ್ತನೆಯ ತರಗತಿಗೆ ಕರ್ನಾಟಕ ಏಕೀಕರಣದ ಪ್ರಾಜೆಕ್ಟು ಕೊಡುತ್ತೀರಿ ಎನ್ನಿ. 1956ರ ನವೆಂಬರ್ 1ಕ್ಕೆ ಮೊದಲು ಕನ್ನಡ ನಾಡು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಐದು ಪ್ರಾಂತ, ಐದು ಮಕ್ಕಳು. ಹೈದರಾಬಾದ್ ಕರ್ನಾಟಕ ಓದಿದ ಹುಡುಗ ಬಾಯಿ ಬಿಡದಿದ್ದರೆ ನಕ್ಷೆಯಲ್ಲಿ ಬೀದರ್, ಕಲಬುರಗಿ, ರಾಯಚೂರು ಖಾಲಿ. ಚಾರ್ಟು ಯಾರು ತಂದರು ಎನ್ನುವುದಕ್ಕೆ ಆಗ ಅಷ್ಟು ಬೆಲೆ ಇರುವುದಿಲ್ಲ. ಇದಕ್ಕೆ ಭಾನುವಾರ ಯಾರ ಮನೆಗೂ ಹೋಗಬೇಕಿಲ್ಲ, ಎರಡು ಪೀರಿಯಡ್ ಸಾಕು.

ಇದುವರೆಗೆ ಹೇಳಿದ್ದು ಯಾರು ದುಡಿದರು, ಯಾರು ದುಡಿಯಲಿಲ್ಲ ಎಂಬ ಜಗಳ. ಇನ್ನೊಂದು ಬಗೆಯದು ವಿಚಾರದ ಜಗಳ: ಹೀಗೆ ಮಾಡೋಣ, ಇಲ್ಲ ಹಾಗೆ ಮಾಡೋಣ. ಮೊದಲನೆಯದು ಬರದಂತೆ ನೋಡಿಕೊಳ್ಳಬೇಕು. ಎರಡನೆಯದು ಬಂದರೆ ಬಿಡಬಾರದು. ತರಗತಿಯಲ್ಲಿ ಎರಡೂ ಒಂದೇ ಗಲಾಟೆಯಂತೆ ಕೇಳಿಸುವುದರಿಂದ ಎರಡಕ್ಕೂ ಒಂದೇ ಮದ್ದು ಬೀಳುತ್ತದೆ.

ಪಾಠದಲ್ಲಿ ನಾವೆಲ್ಲ ಓದಿದ ರೈಟ್ ಸಹೋದರರನ್ನೇ ತೆಗೆದುಕೊಳ್ಳಿ. ವಿಲ್ಬರ್, ಆರ್ವಿಲ್ ಇಬ್ಬರೂ ಹೈಸ್ಕೂಲಿನ ಪ್ರಮಾಣಪತ್ರ ಪಡೆದವರಲ್ಲ, ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು. 1903ರ ಡಿಸೆಂಬರ್ 17ರಂದು ವಿಮಾನ ಹಾರಿದ್ದನ್ನು ಪಾಠ ಹೇಳುತ್ತದೆ. ಅದಕ್ಕೆ ಮೊದಲಿನ ಚಳಿಗಾಲವಿಡೀ ಅವರು ಕಿರುಚಾಡಿದ್ದನ್ನು ಹೇಳುವುದಿಲ್ಲ. ಜಗಳ ಪ್ರೊಪೆಲರಿನದು. ಹಡಗಿನ ಪ್ರೊಪೆಲರಿನ ಲೆಕ್ಕಾಚಾರ ಪುಸ್ತಕದಲ್ಲಿ ಸಿಕ್ಕೀತು, ಅದನ್ನೇ ಗಾಳಿಗೆ ಹೊಂದಿಸಿದರೆ ಆಯಿತು ಎಂದುಕೊಂಡಿದ್ದರು. ಸಿಗಲಿಲ್ಲ. ಪ್ರೊಪೆಲರ್ ಎಂದರೆ ತಿರುಗುವ ರೆಕ್ಕೆ ಎಂಬಲ್ಲಿಂದ ಹೊಸದಾಗಿ ಯೋಚಿಸಬೇಕಾಯಿತು. ವಿಮಾನ ಮುಂದಕ್ಕೆ ಹೋಗುತ್ತಿದೆ, ಪ್ರೊಪೆಲರ್ ಸುತ್ತುತ್ತಿದೆ, ಗಾಳಿ ಹಿಂದಕ್ಕೆ ಸರಿಯುತ್ತಿದೆ, ಯಾವುದೂ ನಿಂತಿಲ್ಲ. ಇದರ ಮೇಲೆ ದಿನಗಟ್ಟಲೆ ವಾದ. 1908ರಲ್ಲಿ ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ ಅವರೇ ಒಂದು ತಮಾಷೆ ಹೇಳಿಕೊಂಡಿದ್ದಾರೆ: ಎಷ್ಟೋ ಸಲ ವಾದ ಮುಗಿಯುವಾಗ ಇವನು ಅವನ ಪಕ್ಷಕ್ಕೆ, ಅವನು ಇವನ ಪಕ್ಷಕ್ಕೆ ಬದಲಾಗಿರುತ್ತಿದ್ದರಂತೆ, ಒಮ್ಮತ ಮಾತ್ರ ಇನ್ನೂ ಬಂದಿರುತ್ತಿರಲಿಲ್ಲ! ನಗು ಬರುತ್ತದೆ. ಆದರೆ ಎದುರಿನವನ ವಾದವನ್ನು ಪೂರ್ತಿ ಕೇಳದವನು ಅವನ ಪಕ್ಷಕ್ಕೆ ಹೋಗುವುದು ಸಾಧ್ಯವೇ?

ನಮ್ಮಲ್ಲಿ ಇದಕ್ಕೆ ಹಳೆಯ ಹೆಸರುಗಳೇ ಇವೆ. ಗೌತಮನ ನ್ಯಾಯಸೂತ್ರದಲ್ಲಿ ಚರ್ಚೆಗೆ ಮೂರು ಬಗೆ. ಸತ್ಯ ತಿಳಿಯಲು ಮಾಡುವುದು ವಾದ, ಗೆಲ್ಲಲು ಮಾಡುವುದು ಜಲ್ಪ, ತನ್ನದೆಂದು ಏನನ್ನೂ ಸ್ಥಾಪಿಸದೆ ಇನ್ನೊಬ್ಬರದನ್ನು ಕೆಡವುತ್ತಾ ಹೋಗುವುದು ವಿತಂಡ. ಮೂರರಲ್ಲಿ ವಿತಂಡವಾದ ಒಂದೇ ನಮ್ಮ ಮನೆಮಾತಿನಲ್ಲಿ ಬೈಗುಳವಾಗಿ ಉಳಿದುಕೊಂಡಿದೆ. ಶಾಸ್ತ್ರಗ್ರಂಥಗಳಲ್ಲಿ ಎದುರಾಳಿಯ ಮಾತನ್ನು ಪೂರ್ವಪಕ್ಷವೆಂದು ಮೊದಲು ನೆಟ್ಟಗೆ ಮಂಡಿಸಿ ಆಮೇಲೆ ಸಿದ್ಧಾಂತಕ್ಕೆ ಬರುವ ಕ್ರಮವೂ ಇತ್ತು.

ಇದನ್ನೇ ತರಗತಿಗೆ ತಂದವರು ಮಿನ್ನೆಸೋಟ ವಿಶ್ವವಿದ್ಯಾಲಯದ ಡೇವಿಡ್ ಮತ್ತು ರೋಜರ್ ಜಾನ್ಸನ್. ಇವರೂ ಅಣ್ಣತಮ್ಮಂದಿರೇ. ಗುಂಪಿನಲ್ಲಿ ಭಿನ್ನಾಭಿಪ್ರಾಯವನ್ನು ಮುಚ್ಚಿಡುವುದಕ್ಕಿಂತ ಕ್ರಮವಾಗಿ ಬೆಳೆಸಿದರೆ ಮಕ್ಕಳು ಹೆಚ್ಚು ಕಲಿಯುತ್ತಾರೆಂದು 1970ರ ದಶಕದ ಕೊನೆಯಿಂದ ಅವರು ಬರೆಯುತ್ತಾ ಬಂದರು. ನಾಲ್ವರ ಗುಂಪು, ಇಬ್ಬಿಬ್ಬರ ಎರಡು ಜೋಡಿ. ಒಂದು ಜೋಡಿಗೆ ಒಂದು ಪಕ್ಷ. ಮಂಡಿಸಿ, ವಾದ ಮಾಡಿ, ಆಮೇಲೆ ಪಕ್ಷ ಬದಲಿಸಿಕೊಂಡು ಎದುರಿನವರ ಮಾತನ್ನೇ ಅವರಿಗಿಂತ ಚೆನ್ನಾಗಿ ಹೇಳಬೇಕು. ಕೊನೆಗೆ ನಾಲ್ವರೂ ಪಕ್ಷ ಬಿಟ್ಟು ಒಂದು ವರದಿ ಬರೆಯಬೇಕು. ಏಕೀಕರಣದ ಪಾಠವೇ ಇದಕ್ಕೂ ಆಗುತ್ತದೆ. ಹಳೆ ಮೈಸೂರಿನಲ್ಲಿ ಏಕೀಕರಣ ಬೇಡ ಎಂದವರೂ ಇದ್ದರು, ಅವರಿಗೆ ಅವರದೇ ಕಾರಣಗಳಿದ್ದವು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಬೇಕು ಎಂದು ನಿಂತರು. ಮಕ್ಕಳು ಎರಡೂ ಕಡೆ ಒಮ್ಮೊಮ್ಮೆ ನಿಂತು ನೋಡಲಿ. ಬೇಡ ಎಂದವರೆಲ್ಲ ಕನ್ನಡ ದ್ರೋಹಿಗಳು ಎಂಬ ಸುಲಭದ ಉತ್ತರ ಆಗ ಉಳಿಯುವುದಿಲ್ಲ.

ನನ್ನ ವೃತ್ತಿಯ ಬಗ್ಗೆಯೂ ಒಂದು ಮಾತು ಹೇಳಬೇಕು, ಮೇಡಂ ಕೇಳಿದ್ದೇ ಅದನ್ನು. ಒಬ್ಬರು ಬರೆದ ಪ್ರೋಗ್ರಾಮನ್ನು ಇನ್ನೊಬ್ಬರು ಓದಿ ತಪ್ಪು ಹುಡುಕುವುದು ನಮ್ಮಲ್ಲಿ ದಿನನಿತ್ಯದ ಕೆಲಸ. ಐಬಿಎಂ ಕಂಪನಿಯ ಮೈಕೆಲ್ ಫೇಗನ್ 1976ರಲ್ಲಿ ಇದಕ್ಕೊಂದು ಕ್ರಮ ಬರೆದರು. ಸಭೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಪಾತ್ರ, ನಡೆಸಲು ಒಬ್ಬ ಮಧ್ಯಸ್ಥ. ಸಭೆಯ ಕೆಲಸ ತಪ್ಪು ಹುಡುಕುವುದಷ್ಟೇ, ತಿದ್ದುವುದು ಬರೆದವರು ಆಮೇಲೆ. ಬಹಳ ಮುಖ್ಯವಾದದ್ದು, ಅಲ್ಲಿ ಸಿಕ್ಕ ತಪ್ಪುಗಳ ಲೆಕ್ಕವನ್ನು ಬರೆದವರ ಯೋಗ್ಯತೆ ಅಳೆಯಲು ಬಳಸುವಂತಿಲ್ಲ. ಹಾಗೆ ಬಳಸಿದರೆ ಯಾರೂ ತಪ್ಪು ತೋರಿಸುವುದಿಲ್ಲ, ತೋರಿಸಿದರೆ ಜಗಳ. ಶಾಲೆಯಲ್ಲಿ ಪ್ರಾಜೆಕ್ಟಿಗೆ ಅಂಕ ಇದ್ದೇ ಇರುತ್ತದೆ, ಅದನ್ನು ತೆಗೆಯಲಾಗದು. ಆದರೆ ಮೊದಲ ಕರಡನ್ನು ಗುಂಪಿನವರು ಒಬ್ಬರದೊಬ್ಬರು ನೋಡುವ ದಿನ ಅಂಕದ ಪುಸ್ತಕ ಸ್ಟಾಫ್ ರೂಮಿನಲ್ಲೇ ಇರಬಹುದಲ್ಲ.

ಇನ್ನು ನಮ್ಮ ಶಾಲೆಯ ವಿಷಯ. ಸುವರ್ಣ ಮಹೋತ್ಸವದ ವಸ್ತುಪ್ರದರ್ಶನಕ್ಕಾಗಿ ಒಂಬತ್ತನೆಯ ತರಗತಿಯ ಮಕ್ಕಳು ಶಾಲೆಯ ಇತಿಹಾಸ ಸಂಗ್ರಹಿಸುತ್ತಿದ್ದಾರೆ. ಹೋದ ತಿಂಗಳು ಊರಿಗೆ ಬಂದಿದ್ದಾಗ ನೋಡಿದೆ. ಕಟ್ಟಡವಾಗುವ ಮೊದಲು ಎಂಟನೆಯ ತರಗತಿ ಎಲ್ಲಿ ನಡೆಯುತ್ತಿತ್ತು ಎಂಬುದರ ಮೇಲೆ ಎರಡು ಗುಂಪಿಗೆ ದೊಡ್ಡ ಜಗಳ. ಕೆಳಗಿನ ಬೀದಿಯ ಹಿರಿಯರನ್ನು ಕೇಳಿ ಬಂದ ಗುಂಪು ದೇವಸ್ಥಾನದ ಚಾವಡಿ ಎನ್ನುತ್ತದೆ. ಕಾಲೊನಿಯ ಹಿರಿಯರನ್ನು ಕೇಳಿ ಬಂದ ಗುಂಪು ಹಳೆಯ ಅಕ್ಕಿ ಗಿರಣಿಯ ಗೋದಾಮು ಎನ್ನುತ್ತದೆ. ಬೋರ್ಡಿನ ಮೇಲೆ ಯಾವುದಾದರೂ ಒಂದನ್ನು ಬರೆಯಿರಿ, ಸಮಯವಿಲ್ಲ ಎಂದು ಯಾರೋ ಹೇಳಿದ್ದರು. ಮೇಡಂ ಹಾಗೆ ಮಾಡಲಿಲ್ಲ. ಚಾವಡಿಯ ಗುಂಪನ್ನು ಕಾಲೊನಿಗೂ ಗೋದಾಮಿನ ಗುಂಪನ್ನು ಕೆಳಗಿನ ಬೀದಿಗೂ ಕಳಿಸಿದರು. ವಾಪಸು ಬಂದ ಮಕ್ಕಳು ಇನ್ನೊಂದು ಪ್ರಶ್ನೆ ತಂದಿದ್ದಾರೆ: ಚಾವಡಿಯೊಳಗೆ ಆಗ ಎಲ್ಲ ಮಕ್ಕಳಿಗೂ ಪ್ರವೇಶ ಇತ್ತೇ? ಇರದಿದ್ದರೆ ಎರಡು ಜಾಗದಲ್ಲಿ ಪಾಠ ನಡೆದಿರಬಹುದೇ, ಅಥವಾ ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿರಬಹುದೇ? ಐವತ್ತು ವರ್ಷಗಳಲ್ಲಿ ನಾವು ಹಳೆಯ ವಿದ್ಯಾರ್ಥಿಗಳು ಯಾರೂ ಕೇಳದ ಪ್ರಶ್ನೆ ಇದು.

ಸದ್ಯಕ್ಕೆ ಬೋರ್ಡಿನ ಮೇಲೆ ಎರಡೂ ಹೇಳಿಕೆ ಇರುತ್ತವೆ, ಹೇಳಿದ ಹಿರಿಯರ ಹೆಸರಿನೊಂದಿಗೆ, ಅವರ ಒಪ್ಪಿಗೆ ಪಡೆದು. ಶಾಲೆಯ ಮೊದಲ ಎರಡು ವರ್ಷಗಳಲ್ಲಿ ಓದಿದವರು, ಆಗಿನ ಗ್ರೂಪ್ ಫೋಟೊ ಅಥವಾ ಟಿ.ಸಿ. ಇಟ್ಟುಕೊಂಡವರು ಈ ಸಂಚಿಕೆಯನ್ನು ಓದುತ್ತಿದ್ದರೆ ದಯವಿಟ್ಟು ಒಮ್ಮೆ ಶಾಲೆಗೆ ಬನ್ನಿ. ಎರಡು ಗುಂಪಿನವರೂ ಪ್ರತಿ ಶನಿವಾರ ಬೆಳಗಿನ ಕ್ಲಾಸು ಮುಗಿದ ಮೇಲೆ ಗ್ರಂಥಾಲಯದ ಕೊಠಡಿಯಲ್ಲಿ ಕೂತಿರುತ್ತಾರೆ.